ಒಂದು ಗೇಣು ಬಿಟ್ಟು ಹೊಡೆಯಬೇಕು

ಅವರ ಎಡಗೈಯ ಕಿರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿ ಹೊರಕ್ಕೆ ಚಾಚಿಕೊಂಡಿತ್ತು, ಲಾರಿ ಹಾಯ್ದ ಸೈಕಲ್ಲಿನ ಕಡ್ಡಿಯ ಹಾಗೆ. ನೃತ್ಯದ ಪತಾಕ ಹಸ್ತ ತೋರಿಸಲು ಅಂಗೈ ಎತ್ತಿದರೆ ಮೂರು ಬೆರಳು ನೆಟ್ಟಗೆ ಮೇಲೆ ನೋಡುತ್ತಿದ್ದವು, ಹೆಬ್ಬೆರಳು ಹೇಳಿದ ಮಾತು ಕೇಳಿ ಮಡಚಿಕೊಳ್ಳುತ್ತಿತ್ತು, ಆ ಒಂದು ಕಿರುಬೆರಳು ಮಾತ್ರ ಯಾರಿಗೋ ದಾರಿ ತೋರಿಸುವಂತೆ ಪಕ್ಕಕ್ಕೆ ಹೊರಟುಬಿಡುತ್ತಿತ್ತು.

ಡಾನ್ಸ್ ಅಕ್ಕೋರು ನಮ್ಮ ಶಾಲೆಗೆ ಬಂದ ಮೊದಲ ದಿನವೇ ನಾನು ಆ ಬೆರಳನ್ನು ಕದ್ದೆ. ಆಗ ನಾನು ಏಳನೆಯ ತರಗತಿ. ಓದಿನಲ್ಲಿ ಅಷ್ಟಕ್ಕಷ್ಟೆ, ಅಣಕದಲ್ಲಿ ಶಾಲೆಗೇ ಮೊದಲಿಗ. ಹೆಡ್ ಮಾಸ್ತರರು ಪ್ರಾರ್ಥನೆಯ ನಡುವೆ ಮೂಗು ಒರೆಸುವುದು, ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವಾಗ ಬಾಯಿ ವಾರೆ ಮಾಡುವುದು, ಗಣಿತದ ಸರ್ ನಡೆದರೆ ಚಪ್ಪಲಿ ಮುಂದೆ, ಸರ್ ಹಿಂದೆ ಬರುವುದು, ಎಲ್ಲ ನನ್ನ ಹತ್ತಿರ ಇತ್ತು. ಅಕ್ಕೋರು ನಮಗೆ ಬೆನ್ನು ಮಾಡಿ ನಿಂತು ಕೈ ಎತ್ತಿದ ಕೂಡಲೇ ಹಿಂದೆ ನಾನೂ ಎತ್ತಿದೆ, ಕಿರುಬೆರಳು ಸೊಟ್ಟ ಮಾಡಿ. ಸಾಲಿಗೆ ಸಾಲೇ ಕಿಸಕ್ಕೆಂದಿತು. ಅವರು ತಿರುಗಿದರು. ಕೈಯಲ್ಲಿ ಹೆಬ್ಬೆರಳು ದಪ್ಪದ ಕರಿಕೋಲು. ಸತ್ತೆ ಅಂದುಕೊಂಡೆ.

ಅವರು ನನ್ನ ಕೈಯನ್ನು ಹಿಂದೆ ಮುಂದೆ ತಿರುವಿ ನೋಡಿದರು. "ಬೆರಳ ಬರೋಬ್ಬರಿ ಬಂತು. ಮಣಕಾಲ ಬರಲಿಲ್ಲ. ಇಳಿಯಲೇ ಕೆಳಗ."

ಮೊಣಕಾಲು ಹೊರಕ್ಕೆ ಬಾಗಿಸಿ ಅರ್ಧ ಕೂತು ನಿಲ್ಲುವ ಅರಮಂಡಿಯಲ್ಲಿ ಅರ್ಧ ತಾಸು ನಿಲ್ಲಿಸಿದರು. ಆ ದಿನ ನಾನು ಏಡಿಯ ಹಾಗೆ ನಡೆದು ಮನೆ ಸೇರಿದೆ. ನನ್ನ ಜೀವನದಲ್ಲಿ ಬೇಕಂತ ಮಾಡದ ಅಣಕ ಅದೊಂದೇ.

ಹೊಡೆಯಲಿಲ್ಲ ಅಂದಮಾತ್ರಕ್ಕೆ ಮೆತ್ತನೆಯ ಜೀವ ಅಂದುಕೊಳ್ಳಬೇಡಿ. ಅವರ ಕ್ಲಾಸೆಂದರೆ ಬಡಿದಾಟ. ತಾಳ ಹಾಕಲು ಬೇವಿನ ಕಟ್ಟಿಗೆಯ ಒಂದು ಮಣೆ ಇತ್ತು. ಅದರ ಮೇಲೆ ಆ ಕೋಲಿನಿಂದ ಬಡಿದರೆ ಪಕ್ಕದ ಕೋಣೆಯ ಹತ್ತನೆಯವರು ಪುಸ್ತಕ ಮುಚ್ಚುತ್ತಿದ್ದರು. ಶಾಲೆಯ ವಾರ್ಷಿಕೋತ್ಸವ, ಅಂದರೆ ಗ್ಯಾದರಿಂಗ್, ಹತ್ತಿರ ಬಂದ ಹಾಗೆ ಮಣೆಗಳು ಒಂದೊಂದಾಗಿ ಸೀಳುತ್ತಿದ್ದವು. ತಾಳ ತಪ್ಪಿದರೆ ಗೋಡೆಗೆ ಚಪ್ಪಲಿ, ಬಾಗಿಲಿಗೆ ಸ್ಟೀಲಿನ ಬಾಟ್ಲಿ, ನೆಲಕ್ಕೆ ತಮ್ಮದೇ ಕನ್ನಡಕ. "ಬಾಡ್ಯಾಗೋಳ್ರ್ಯಾ, ಭೂಮಿಗಿ ಹೊಡೀರಿ!" ಎಂದು ಕಿರುಚುತ್ತಿದ್ದರು. "ಅದು ಅಳೂದಿಲ್ಲ, ಅವ್ವನ ಮುಂದ ಹೇಳೂದಿಲ್ಲ. ಸಿಟ್ಟ ಇದ್ದಷ್ಟ ಹೊಡೀರಿ!" ನಲವತ್ತು ಮಕ್ಕಳ ಅಂಗಾಲು ಒಮ್ಮೆಗೆ ನೆಲಕ್ಕೆ ಬಿದ್ದರೆ ಗೋಡೆಯ ಸುಣ್ಣ ಉದುರುತ್ತಿತ್ತು.

ಆ ಕೋಲು ಮಾತ್ರ ಮಣೆ ಬಿಟ್ಟು ಬೇರೆ ಏನನ್ನೂ ಮುಟ್ಟಿದ್ದನ್ನು ನಾವು ನೋಡಲಿಲ್ಲ. ಒಂದು ದಿನ ಪಿ.ಟಿ. ಸರ್ ನಮ್ಮ ಸಾಲು ನೆಟ್ಟಗೆ ಮಾಡುತ್ತೇನೆಂದು ಬೆತ್ತ ಹಿಡಿದು ಬಂದರು. ಕೊನೆಯಲ್ಲಿದ್ದ ಹುಡುಗಿಯ ಮೀನಖಂಡಕ್ಕೆ ಎರಡು ಎಳೆದರು. ಅಕ್ಕೋರು ಎದ್ದು ಹೋಗಿ ಅವರ ಕೈಯಿಂದ ಬೆತ್ತ ಕಿತ್ತುಕೊಂಡು, ಮೊಣಕಾಲಿಗೆ ಊರಿ ಲಟಕ್ಕನೆ ಮುರಿದರು. ಎರಡು ತುಂಡನ್ನು ಸೇರಿಸಿ ಮತ್ತೊಮ್ಮೆ ಮುರಿದರು. ನಾಲ್ಕೂ ತುಂಡನ್ನು ಸರ್ ಅವರ ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿದ ಹಾಗೆ ಸಿಕ್ಕಿಸಿದರು.

"ಹೋಗ್ರಿ ಸರ್. ಇನ್ನೊಮ್ಮೆ ಬಂದ್ರ ಬೆತ್ತಲ್ಲ, ಕೈ ಮುರೀತೀನಿ."

ಸರ್ ಮತ್ತೆ ಬರಲಿಲ್ಲ. ನಾನು ಮಾತ್ರ ಒಂದು ತಿಂಗಳು ಜೇಬಿನಲ್ಲಿ ನಾಲ್ಕು ಕಡ್ಡಿ ಇಟ್ಟುಕೊಂಡು ಓಡಾಡಿದೆ.

ಅಕ್ಕೋರಿಗೆ ಸೋಮವಾರ ಸೊಲ್ಲಾಪುರ ರಸ್ತೆಯ ನಮ್ಮ ಶಾಲೆ, ಬುಧವಾರ ತೊರವಿ ಕಡೆಯದೊಂದು, ಶುಕ್ರವಾರ ತಿಕೋಟಾ, ಶನಿವಾರ ಬಬಲೇಶ್ವರ. ಬಸ್ಸಿನಲ್ಲಿ ಮಣೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಬೆರಳಿನ ಕತೆ ಊರಿಗೊಂದು ಇತ್ತು. ತಿಕೋಟಾದ ಮಕ್ಕಳಿಗೆ ಎತ್ತು ಹಾಯ್ದದ್ದು ಎಂದು ಹೇಳಿದ್ದರು. ಬಬಲೇಶ್ವರದವರಿಗೆ ಬಸ್ಸಿನ ಬಾಗಿಲು. ನಮಗೆ, "ರೊಟ್ಟಿ ಬಡಿಯೂವಾಗ ಮುರೀತು. ಹಿಟ್ಟು ಭಾಳ ಗಟ್ಟಿ ಇತ್ತು."

ಅವರು ಪ್ರತಿ ವರ್ಷ ಒಂದು ನೃತ್ಯನಾಟಕ ಕಟ್ಟುತ್ತಿದ್ದರು, ಅದರಲ್ಲಿ ಒಂದು ಹೊಡೆದಾಟ ಇರಲೇಬೇಕು. ಆದರೆ ಹೊಡೆಯುವುದನ್ನು ಮೊದಲು ಕಲಿಸುತ್ತಿರಲಿಲ್ಲ.

"ಸ್ಟೇಜಿನ ಮ್ಯಾಲ ಪೆಟ್ಟು ಹುಟ್ಟಸಾಂವ ಯಾರು?"

"ಹೊಡಿಯಾಂವ್ರೀ ಅಕ್ಕೋರ."

"ಅಲ್ಲ ಖೋಡಿ. ಬಡಿಸ್ಕೊಳ್ಳಾಂವ. ಅಂವ ಉಳ್ಳಿ ಬಿದ್ರ ಅದು ಪೆಟ್ಟು. ಬೀಳದಿದ್ರ ನೀ ಬರೇ ನೊಣಾ ಹೊಡದಂಗ."

ಹೀಗಾಗಿ ಮೊದಲ ಎರಡು ವಾರ ನಾವು ಬರೀ ಬೀಳುತ್ತಿದ್ದೆವು. ಭುಜದ ಮೇಲೆ, ಸೊಂಟದ ಮೇಲೆ, ತಲೆ ಕಾಯ್ದುಕೊಂಡು. ಒಬ್ಬ ತಾಯಿ ಬಂದು, "ಅಕ್ಕೋರ, ನನ್ನ ಮಗಳು ಡಾನ್ಸ್ ಕಲೀತೀನಂತ ಹೇಳಿ ಮನ್ಯಾಗ ಬರೇ ಬೀಳಾಕತ್ತಾಳ್ರಿ," ಎಂದು ದೂರಿದ್ದರು. ಅಕ್ಕೋರು, "ಹೌದ್ರಿ. ಏಳೂದು ಸೋಮವಾರದಿಂದ," ಅಂದರು.

ಆಮೇಲೆ ಗೇಣಿನ ಪಾಠ. ಹೊಡೆಯುವವನ ಕೈಗೂ ಎದುರಿನವನ ಗಲ್ಲಕ್ಕೂ ನಡುವೆ ಒಂದು ಗೇಣು, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ, ಬಿಡಬೇಕು. ಹೊಡೆಯುವ ಮೊದಲು ನಾಟಕದ ರಾಕ್ಷಸ ತನ್ನ ಎಡಗೈ ಅಗಲಿಸಿ ಎದುರಿನವನ ಮುಖದ ಮುಂದೆ ಹಿಡಿದು ಅಳೆಯುತ್ತಾನೆ. ಜನಕ್ಕೆ ಅದು ರಾಕ್ಷಸನ ಸೊಕ್ಕು, ನಮಗೆ ಅದು ಅಳತೆ. ಬಲಗೈ ಬೀಸಿ ಬಂದು ಅಲ್ಲಿಗೇ ನಿಲ್ಲಬೇಕು. ಅದೇ ಕ್ಷಣಕ್ಕೆ ಬಡಿಸಿಕೊಳ್ಳುವವನು ತನ್ನ ತೊಡೆಗೆ ತಾನೇ ಫಟ್ ಅಂತ ಹೊಡೆದುಕೊಂಡು, ಮುಖ ಹೊರಳಿಸಿ ಬೀಳಬೇಕು. ಮುಂದಿನ ಸಾಲಿನಲ್ಲಿ ಕೂತವರಿಗೂ ಗೊತ್ತಾಗುತ್ತಿರಲಿಲ್ಲ.

ಸೊಟ್ಟ ಬೆರಳಿನಿಂದಾಗಿ ಅಕ್ಕೋರ ಗೇಣು ಎರಡು ಬೆರಳಷ್ಟು ಗಿಡ್ಡ. "ನನ್ನ ಗೇಣ ಹಿಡೀಬ್ಯಾಡ್ರಿ. ನಿಮ್ಮ ನಿಮ್ಮ ಬೆರಳ ನೆಟ್ಟಗ ಮಾಡಿ ಹಾಕ್ರಿ," ಎಂದು ಪ್ರತಿ ಸಲ ಎಚ್ಚರಿಸುತ್ತಿದ್ದರು. ನಾನು ಪ್ರತಿ ಸಲ ಬೆರಳು ಸೊಟ್ಟ ಮಾಡಿಯೇ ಹಾಕುತ್ತಿದ್ದೆ. ಮೊದಲು ಗೆಳೆಯರು ನಕ್ಕರು, ಆಮೇಲೆ ಅವರಿಗೆ ಸಾಕಾಯಿತು, ನನ್ನ ಕೈಗೆ ಮಾತ್ರ ಅದು ಚಟವಾಗಿ ಉಳಿಯಿತು.

ಇನ್ನು ನನ್ನಪ್ಪ. ಸೊಲ್ಲಾಪುರ ರಸ್ತೆಯಲ್ಲಿ ಅವನದು ವೆಲ್ಡಿಂಗ್ ಅಂಗಡಿ. ಮಾತು ಕಡಿಮೆ, ಕೈ ಜಾಸ್ತಿ. ಹೊಡೆಯುವ ಮೊದಲು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತಿದ್ದ, ಗಡಿಯಾರಕ್ಕೆ ಪೆಟ್ಟಾಗಬಾರದಲ್ಲ. ಅಂಗಿಯ ಬಲದೋಳು ಎರಡು ಮಡಿಕೆ ಏರಿಸುತ್ತಿದ್ದ. ನಾಲಿಗೆಯ ತುದಿ ಹಲ್ಲಿನ ನಡುವೆ ಬರುತ್ತಿತ್ತು. ಎಡಗೈ ನನ್ನ ಕೂದಲಿಗೆ, ಬಲಗೈ ಎಲ್ಲಿ ಸಿಕ್ಕರೆ ಅಲ್ಲಿಗೆ. ಮುಂಜಾನೆ ಬಡಿಸಿಕೊಂಡದ್ದನ್ನು ನಾನು ಮಧ್ಯಾಹ್ನ ಗೆಳೆಯರೆದುರು ಆಡಿ ತೋರಿಸುತ್ತಿದ್ದೆ. ಅಪ್ಪನೂ ನಾನೇ, ಮಂಚದ ಕೆಳಗೆ ನುಗ್ಗುವ ಮಗನೂ ನಾನೇ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು, ಬೆನ್ನಿನ ಬಾಸುಂಡೆಗೆ ಅಂಗಿ ಅಂಟಿಕೊಂಡಿದ್ದರೂ.

ರಾಕ್ಷಸನ ಪಾತ್ರಕ್ಕೆ ಹುಡುಗರನ್ನು ಆರಿಸುವ ದಿನ ನಾನು ಇದನ್ನೇ ಮಾಡಿದೆ. ಗಡಿಯಾರ, ತೋಳು, ನಾಲಿಗೆ. ಅಕ್ಕೋರ ಕೋಲು ಮಣೆಯ ಮೇಲೆಯೇ ನಿಂತಿತು.

"ಈ ರಾಕ್ಷಸನ್ನ ಎಲ್ಲಿ ನೋಡೀದಿ?"

"ಮನ್ಯಾಗ್ರಿ."

ಕ್ಲಾಸು ಗೊಳ್ಳೆಂದಿತು. ಅವರು ನಗಲಿಲ್ಲ. ಎದ್ದು ಬಂದು ನನ್ನ ಅಂಗಿಯನ್ನು ಹಿಂದಿನಿಂದ ಎತ್ತಿ ನೋಡಿ, ಮೆಲ್ಲಗೆ ಇಳಿಸಿದರು.

"ಪಾರ್ಟು ನಿಂದ. ಆದ್ರ ಒಂದ ಮಾತ ಕೇಳು. ಅಂವನ ಮಾರಿ ತಗೋ, ನಡಿಗಿ ತಗೋ. ಕೈ ಮಾತ್ರ ತಗೋಬ್ಯಾಡ."

ಗೇಣು ಬಿಡು ಅನ್ನುತ್ತಿದ್ದಾರೆ ಎಂದಷ್ಟೇ ನನಗೆ ತಿಳಿದದ್ದು.

ಬಬಲೇಶ್ವರದ ಶಾಲೆಯ ಗ್ಯಾದರಿಂಗಿಗೆ ನಮ್ಮ ನಾಟಕವನ್ನು ಕರೆಸಿದ್ದರು. ನಾನು ರಾಕ್ಷಸ. ನನ್ನಿಂದ ಒಂದೇ ಒಂದು ಪೆಟ್ಟು ತಿನ್ನುವ ಋಷಿಯ ಶಿಷ್ಯ, ಬಳೆ ಅಂಗಡಿಯ ಸಾಬರ ಮಗ, ಐದನೆಯ ತರಗತಿಯವನು. ನಮ್ಮಲ್ಲೇ ಎಲ್ಲರಿಗಿಂತ ಚೆಂದ ಬೀಳುತ್ತಿದ್ದವನು ಅವನೇ. ಅದೇ ದಿನ ಅಪ್ಪ ಬಬಲೇಶ್ವರದಲ್ಲಿ ಯಾರದೋ ಮನೆಗೆ ಕಬ್ಬಿಣದ ಗೇಟು ಕೂರಿಸಲು ಜೀಪಿನಲ್ಲಿ ಬಂದಿದ್ದ. ಕೆಲಸ ಮುಗಿಸಿ, ಕೈಯ ಮಸಿಯೊಂದಿಗೇ ಬಂದು ಮುಂದಿನ ಸಾಲಿನಲ್ಲಿ ಕೂತ. ನಾನು ಕುಣಿಯುವುದನ್ನು ಅವನು ನೋಡಲು ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಅವನ ಪ್ರಕಾರ ಅದು ಹೆಂಗಸರ ಕೆಲಸ.

ಶಿಷ್ಯ ಎದುರು ಬಂದ. ನಾನು ಗೇಣು ಹಾಕಿದೆ, ಸೊಟ್ಟ ಬೆರಳಿನ ಗಿಡ್ಡ ಗೇಣು. ಅಭ್ಯಾಸದ ದಿನಗಳಲ್ಲಿ ಹುಡುಗನೇ ತುಸು ಹಿಂದೆ ಸರಿದು ನನ್ನ ಕುಚೋದ್ಯವನ್ನು ಸರಿ ಮಾಡುತ್ತಿದ್ದ ಎಂದು ಆಮೇಲೆ ಗೊತ್ತಾಯಿತು. ಆ ಸಂಜೆ ಅವನ ಬೆನ್ನ ಹಿಂದೆ ಆಶ್ರಮದ ಕಂಬ ಇತ್ತು. ನನ್ನ ಕೈ ಬೀಸಿ ಬಂದು ಅವನ ಮೂಗಿಗೆ ತಾಗಿತು. ಪಾಪ, ಕಲಿತದ್ದನ್ನು ಅವನು ಬಿಡಲಿಲ್ಲ. ತೊಡೆಗೆ ಫಟ್ ಎಂದು ಹೊಡೆದುಕೊಂಡೇ ಬಿದ್ದ. ಎದ್ದಾಗ ಮೂಗಿನಿಂದ ಕೆಂಪಗೆ ಒಂದು ಎಳೆ. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು, ಬಣ್ಣ ಅಂದುಕೊಂಡು.

ಅಷ್ಟರಲ್ಲಿ ಸೀಟಿ ಬಂತು. ಎರಡು ಬೆರಳು ಬಾಯಿಗಿಟ್ಟು ಊದುವ, ರಸ್ತೆಯ ಆಚೆಯಿಂದ ನನ್ನನ್ನು ಅಂಗಡಿಗೆ ಕರೆಯುವ ಅದೇ ಸೀಟಿ. ಅಪ್ಪ ಎದ್ದು ನಿಂತಿದ್ದ. ಮುಖದ ತುಂಬ ನಗು.

"ಭಲೆ ಮಗನ! ಇನ್ನೊಂದ ಕೊಡು!"

ಆ ಮುಖದಲ್ಲಿ ನನಗಾಗಿ ನಗು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾಟಕದಲ್ಲಿ ಇನ್ನೊಂದು ಪೆಟ್ಟು ಇರಲಿಲ್ಲ. ಆದರೂ ನಾನು ಇಲ್ಲದ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದೆ. ತೋಳು ಎರಡು ಮಡಿಕೆ ಏರಿಸಿದೆ. ಎಡಗೈ ಗೇಣು ಹಾಕಲಿಲ್ಲ, ನೇರ ಹುಡುಗನ ಕೂದಲಿಗೆ ಹೋಯಿತು. ಹೊಡೆದೆ. ಈ ಸಲ ಅವನ ಕೈ ತೊಡೆಯನ್ನು ಮುಟ್ಟಲೇ ಇಲ್ಲ. ಅವನು ಬಿದ್ದದ್ದು ಅಕ್ಕೋರು ಕಲಿಸಿದ ಬೀಳುವಿಕೆ ಅಲ್ಲ. ಮುಖ ಕಂಬದ ಬುಡಕ್ಕೆ ಬಡಿದು, ಮುಂದಿನ ಹಲ್ಲೊಂದು ಮುರಿದು ಹಲಗೆಯ ಮೇಲೆ ಉರುಳಿತು.

ಪಕ್ಕದಲ್ಲಿ ಮಣೆಯ ಸಪ್ಪಳ ನಿಂತಿತು. ಚಪ್ಪಾಳೆ ಮಾತ್ರ ನಿಲ್ಲಲಿಲ್ಲ.

ಪರದೆಯ ಹಿಂದಿನ ಕೋಣೆಯಲ್ಲಿ ಅಕ್ಕೋರು ಹುಡುಗನನ್ನು ತೊಡೆಯ ಮೇಲೆ ಹಾಕಿಕೊಂಡು ಅವನ ಬಾಯಿಗೆ ತಮ್ಮ ಸೀರೆಯ ಸೆರಗು ಒತ್ತಿ ಹಿಡಿದಿದ್ದರು. ಸೆರಗು ಕೆಂಪಗೆ ತೋಯ್ದಿತ್ತು. ಅಪ್ಪ ಒಳಗೆ ಬಂದು ನನ್ನ ಬೆನ್ನಿಗೆ ಗುದ್ದಿದ, ಪ್ರೀತಿಯಿಂದ. "ಇವತ್ತ ನನ್ನ ಮಗಾ ಅನ್ನಿಸಿದಿ ನೋಡು!" ನಾನು ನಕ್ಕೆ. ಮುಚ್ಚಿಟ್ಟು ಏನು ಮಾಡಲಿ, ಆ ರಕ್ತದ ಮುಂದೆ ನಿಂತು ನಕ್ಕೆ. ಊರಿನವರೆಲ್ಲರ ನಗುವನ್ನು ಅಣಕಿಸಬಲ್ಲೆ, ಆ ಒಂದು ನಗುವನ್ನು ಈವರೆಗೂ ಅಣಕಿಸಲು ಆಗಿಲ್ಲ.

"ನೀವು ಹೊರಗ ನಡೀರಿ," ಅಂದರು ಅಕ್ಕೋರು.

"ಯಾಕ್ರಿ? ನನ್ನ ಮಗಾ ಹೊಡದಾನ, ನಾ ನೋಡಾಕ ಬಂದೀನಿ."

"ನಿಮ್ಮ ಮಗಾ ಹೊಡದಿಲ್ಲ. ನೀವು ಹೊಡದೀರಿ. ಈ ಕೂಸಿನ ಹಲ್ಲ ಮುರದದ್ದು ನಿಮ್ಮ ಕೈ."

ಅಪ್ಪ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದ. ತೋಳು ಏರಿಸಿದ. ನಾಲಿಗೆ ಹಲ್ಲಿನ ನಡುವೆ ಬಂತು. ನನ್ನ ಅಣಕವನ್ನು ದಿನಾ ನೋಡಿದ್ದ ಒಬ್ಬ ಹುಡುಗಿ ರೂಢಿಯಂತೆ ಕಿಸಕ್ಕೆಂದು, ಕೂಡಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಪ್ಪನ ಕೈ ಮೇಲೆದ್ದಿತು. ಅಕ್ಕೋರು ಹುಡುಗನನ್ನು ಕೆಳಗಿಳಿಸಿ ಎದ್ದು ನಿಂತು, ಎಡಗೈಯನ್ನು ಅಪ್ಪನ ಮುಖದ ಮುಂದೆ ಎತ್ತಿದರು. ಮೂರು ಬೆರಳು ನೆಟ್ಟಗೆ, ಒಂದು ಸೊಟ್ಟಗೆ.

"ಹೊಡೀರಿ. ಒಂದ ಮದಲ ಮುರದದ. ಇನ್ನ ನಾಕ ಉಳದಾವ."

ಅಪ್ಪನ ಕೈ ಗಾಳಿಯಲ್ಲಿಯೇ ಇತ್ತು. ಕೊನೆಗೆ ಅವನು, "ಹೆಣ್ಮಗಳಂತ ಬಿಟ್ಟೀನಿ," ಎಂದು ಗೊಣಗಿ, ಬಾಗಿಲಿಗೆ ಒಂದು ಒದೆ ಕೊಟ್ಟು ಹೋದ. ಹೊರಗೆ ಜೀಪು ಶುರುವಾದದ್ದು ಕೇಳಿಸಿತು.

ಅಕ್ಕೋರು ಹುಡುಗನನ್ನು ಮತ್ತೆ ತೊಡೆಗೆ ಎಳೆದುಕೊಂಡು ಕೂತರು. "ಎತ್ತೂ ಅಲ್ಲ, ಬಸ್ಸೂ ಅಲ್ಲ, ರೊಟ್ಟೀನೂ ಅಲ್ಲ," ಅಂದರು. "ಹಸ್ತ ತಪ್ಪಿತಂತ ನನ್ನ ಗುರುಗಳು ಮುರದಾರ. ನಿಮ್ಮಷ್ಟಾಕಿ ಇದ್ದೆ. ಈ ಕೋಲಿಲೇನ."

ನಾವೆಲ್ಲ ಕರಿಕೋಲನ್ನು ನೋಡಿದೆವು. ಹಲ್ಲು ಮುರಿದ ಹುಡುಗನೇ ರಕ್ತದ ಬಾಯಲ್ಲಿ ಕೇಳಿದ, "ಮತ್ತ ಯಾಕ ಇಟಗೊಂಡೀರಿ ಅಕ್ಕೋರ?"

"ಇನ್ನೊಬ್ಬರ ಕೈಗಿ ಸಿಗಬಾರದಂತ."

ನನ್ನನ್ನು ತಂಡದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ಹುಡುಗನ ತುಟಿಯ ಹೊಲಿಗೆ ಬಿಚ್ಚಿದ ಮೇಲೆ, ಒಂದು ಸೋಮವಾರ, ನಮ್ಮಿಬ್ಬರನ್ನೂ ನಡುವೆ ನಿಲ್ಲಿಸಿದರು. "ಇವತ್ತ ನೀ ರಾಕ್ಷಸ," ಎಂದು ಅವನಿಗೆ ಹೇಳಿದರು. "ಗೇಣ ಹಾಕೂದು ಬಿಡೂದು ನಿನಗ ಬಿಟ್ಟದ್ದು. ನಾ ಕೇಳಾಕಿಲ್ಲ." ಹೇಳಿ, ನಮ್ಮ ಕಡೆ ಬೆನ್ನು ಮಾಡಿ ಮಣೆಯ ಮುಂದೆ ಕೂತರು.

ಅವನು ಹತ್ತಿರ ಬಂದ. ಸಣ್ಣ ಕೈ ಅಗಲಿಸಿ ನನ್ನ ಗಲ್ಲದ ಮುಂದೆ ಹಿಡಿದ. ಕಿರುಬೆರಳು ಎಷ್ಟು ನೆಟ್ಟಗಿತ್ತೆಂದರೆ ನಡುಗುತ್ತಿತ್ತು. ಇನ್ನೊಂದು ಕೈ ಬೀಸಿತು. ನಾನು ಕಣ್ಣು ಮುಚ್ಚಿ, ಎರಡೂ ತೋಳಿನಲ್ಲಿ ತಲೆ ಮುಚ್ಚಿಕೊಂಡು ಕುಕ್ಕರಿಸಿಬಿಟ್ಟೆ, ಮಂಚದ ಕೆಳಗೆ ಕೂತ ಹಾಗೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಅವನ ಕೈ ಒಂದು ಗೇಣು ದೂರದಲ್ಲಿ ನಿಂತಿತ್ತು.

"ಸಪ್ಪಳ ಎಲ್ಲಿ?" ಅಕ್ಕೋರು ತಿರುಗದೆಯೇ ಗುಡುಗಿದರು.

ತೊಡೆಗೆ ಹೊಡೆದುಕೊಳ್ಳಲು ನನ್ನ ಕೈ ಏಳಲಿಲ್ಲ.

"ಅಕ್ಕೋರ, ಅಣ್ಣಾ ಅಳಾಕತ್ತಾನ್ರಿ," ಅಂದ ಹುಡುಗ.

"ಅಳಲಿ. ಅತ್ತಾದ ಮ್ಯಾಲ ಮತ್ತ ಮಾಡ್ರಿ."

ಆ ಮಧ್ಯಾಹ್ನ ಎಷ್ಟು ಸಲ ಮಾಡಿದೆವೋ. ಅವನ ಕೈ ಒಮ್ಮೆಯೂ ಗೇಣು ದಾಟಲಿಲ್ಲ. ನನ್ನಿಂದ ಒಮ್ಮೆಯೂ ಸಪ್ಪಳ ಬರಲಿಲ್ಲ. ಆಮೇಲಿನ ವರ್ಷಗಳಲ್ಲಿ ನನಗೆ ಬಡಿಸಿಕೊಳ್ಳುವ ಪಾರ್ಟುಗಳನ್ನೇ ಕೊಟ್ಟರು. ಪ್ರತಿ ಸಲ ನಾನು ಬಿದ್ದೆ, ಸಪ್ಪಳವನ್ನು ಪರದೆಯ ಹಿಂದೆ ಇನ್ನೊಬ್ಬರು ಮಾಡಿದರು.

ಅಪ್ಪ ಬದಲಾದ ಎಂದು ಬರೆದರೆ ಕತೆ ಚೆಂದವಾಗುತ್ತಿತ್ತು. ಬದಲಾಗಲಿಲ್ಲ. ನಾನು ಅವನಷ್ಟು ಎತ್ತರ ಬೆಳೆಯುವವರೆಗೆ ಗಡಿಯಾರ ಜೇಬಿಗೆ ಹೋಗುತ್ತಲೇ ಇತ್ತು. ಅದನ್ನು ಗೆಳೆಯರೆದುರು ಆಡಿ ತೋರಿಸುವುದನ್ನು ಮಾತ್ರ ನಾನು ನಿಲ್ಲಿಸಿದೆ.

ಕಾಲೇಜು ಸೇರಿದ ಮೇಲೆ ಅಕ್ಕೋರ ಮಣೆ ಹೊರುವವನಾದೆ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಾಗ ತಿಕೋಟಾ, ಬಬಲೇಶ್ವರದ ಕ್ಲಾಸುಗಳು ನನ್ನ ಪಾಲಿಗೆ ಬಂದವು. ಹೋದ ವರ್ಷ ಅದು ಕಾಲಿಗೂ ಇಳಿಯಿತು. ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು. ಭೂಮಿಗೆ ಹೊಡೆಯಲು ಕಲಿಸಿದವರ ಕಾಲು.

ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ನೋಡಲು ಹೋದೆ. ಅವರು ನರ್ಸುಗಳಿಗೆ ಬೈದ ಬೈಗುಳವನ್ನೆಲ್ಲ ಅವರದೇ ದನಿಯಲ್ಲಿ ಅವರಿಗೇ ಒಪ್ಪಿಸಿದೆ. ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ದಿಂಬಿನ ಬದಿಯಿಂದ ಕರಿಕೋಲು ಎಳೆದು ನನ್ನ ಕಡೆ ಚಾಚಿದರು.

"ಹಿಡಿ."

"ಬ್ಯಾಡ್ರಿ ಅಕ್ಕೋರ." ನನ್ನ ದನಿ ನನ್ನದೇ ಆಗಿಬಿಟ್ಟಿತು. "ಹ್ವಾದ ವಾರ ತಿಕೋಟಾದಾಗ ಒಬ್ಬ ಹುಡುಗನ ಕೂದಲಕ್ಕ ಕೈ ಹಾಕಿದೆ. ಹೊಡೀಲಿಲ್ಲ, ಖರೆ. ಆದ್ರ ಕೈ ಹೋಗಿತ್ರಿ. ನಂದು ನಮ್ಮಪ್ಪನ ಕೈ. ನೀವು ನೋಡೀರಲಾ."

ಅವರು ಕೋಲನ್ನು ಹೊದಿಕೆಯ ಮೇಲಿಟ್ಟರು. "ಬಾ ಇಲ್ಲಿ. ಬಗ್ಗು."

ಬಗ್ಗಿದೆ. ಅವರ ಎಡಗೈ ಹೊದಿಕೆಯಿಂದ ಹೊರ ಬಂದು ಬೀಸಿತು. ಆ ದೇಹದಲ್ಲಿ ಅಷ್ಟು ಕಸುವು ಉಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಲೂ ಹೊತ್ತು ಸಿಗಲಿಲ್ಲ. ಫಟ್ ಎಂದು ಕೋಣೆಯ ತುಂಬ ಸಪ್ಪಳ. ಅಡಿಗೆಮನೆಯಿಂದ ಅವರ ತಂಗಿ ಓಡಿ ಬಂದರು. "ಯಾಕಕ್ಕಾ, ಆ ಹುಡುಗನ್ನ ಹೊಡದಿ ಏನ?"

"ನಾ ಯಾಕ ಹೊಡೀಲಿ? ಅಲ್ಲಿ ನೋಡು."

ಅವರ ಅಂಗೈ ನನ್ನ ಗಲ್ಲದಿಂದ ಗಿಡ್ಡದೊಂದು ಗೇಣು ದೂರದಲ್ಲಿ ನಿಂತಿತ್ತು. ಅವರು ತೋರಿಸಿದ್ದು ನನ್ನ ಬಲಗೈಯನ್ನು. ಅದು ನನ್ನ ತೊಡೆಯ ಮೇಲಿತ್ತು, ಚುರುಗುಡುತ್ತಿತ್ತು.

"ಇದು ಯಾರ ಕೈಯಲೇ ಬಾಡ್ಯಾ? ನಿಮ್ಮಪ್ಪಂದ?"

ನಾನು ಕೋಲು ತೆಗೆದುಕೊಂಡೆ. ಎಂಟು ದಿನಕ್ಕೆ ಅವರು ಹೋದರು.

ಈಗ ಶುಕ್ರವಾರ ತಿಕೋಟಾ, ಶನಿವಾರ ಬಬಲೇಶ್ವರ. ಮಣೆ ತೊಡೆಯ ಮೇಲೆ, ಕೋಲು ಕಂಕುಳಲ್ಲಿ. ಅದು ಇನ್ನೊಬ್ಬರ ಕೈಗೆ ಸಿಗದಂತೆ ನೋಡಿಕೊಳ್ಳುತ್ತೇನೆ, ಮುಖ್ಯವಾಗಿ ಒಬ್ಬ ವೆಲ್ಡಿಂಗ್ ಅಂಗಡಿಯವನ ಮಗನ ಕೈಗೆ. ನಾನು ಪತಾಕ ಹಸ್ತ ತೋರಿಸಿದರೆ ನನ್ನ ಎಡ ಕಿರುಬೆರಳು ತಾನಾಗಿ ಪಕ್ಕಕ್ಕೆ ಹೊರಡುತ್ತದೆ. ಹಿಂದಿನ ಸಾಲಿನಲ್ಲಿ ಯಾವನೋ ಅದನ್ನು ಅಣಕಿಸುತ್ತಾನೆ, ಸಾಲು ಕಿಸಕ್ಕೆನ್ನುತ್ತದೆ. ಹೋದ ವಾರ ಒಬ್ಬಳು ಧೈರ್ಯ ಮಾಡಿ ಕೇಳಿದಳು, "ಸರ್, ನಿಮ್ಮ ಬೆರಳ ಯಾರ ಮುರದ್ರಿ?"

ಊರಿಗೊಂದು ಕತೆ ಕಟ್ಟುವ ಪ್ರಮೇಯ ನನಗೆ ಬರಲಿಲ್ಲ.

"ಯಾರೂ ಮುರದಿಲ್ಲವ್ವಾ," ಅಂದೆ.